ಗೀಸರ್ ಬರುವ ಮೊದಲು ಪೈಪ್ ನೋಡಿ: ಒಂದು ಮನೆಯ ಪ್ರಕರಣ

ಎರಡು ಅಂತಸ್ತಿನ ಮನೆ. ಮೇಲಿನ ಬಚ್ಚಲಲ್ಲಿ 15 ಲೀಟರಿನ ಹಳೇ ಗೀಸರ್. ಅದರಿಂದಲೇ ಮೇಲಿನ ಶವರಿಗೂ ಕೆಳಗಿನ ಬಚ್ಚಲಿಗೂ ಬಿಸಿನೀರು ಹೋಗುತ್ತಿತ್ತು. ಗೀಸರಿನ ತಳ ತುಕ್ಕು ಹಿಡಿದು ಹನಿಯತೊಡಗಿತ್ತು, ಹಾಗಾಗಿ ಹೊಸದು ತರಲೇಬೇಕಿತ್ತು. 25 ಲೀಟರಿನದ್ದು ಅಂತ ಮನೆಯವರು ತೀರ್ಮಾನಿಸಿದ್ದರು. ಪ್ಲಂಬಿಂಗ್ ಕೆಲಸ ಮಾಡಿಸಿಕೊಡುವ ನನ್ನನ್ನು ಅವರು ಕೇಳಿದ್ದು ಇಷ್ಟೇ: ಈಗಿರುವ ಪೈಪಿಗೇ ಸಿಕ್ಕಿಸಬಹುದಾ, ಇಲ್ಲ ಏನಾದರೂ ಬದಲಾಯಿಸಬೇಕಾ?

ಮಾತಿನ ಮಧ್ಯೆ ಇನ್ನೂ ಮೂರು ದೂರು ಹೊರಬಂದವು. ಶವರ್ ಕೆಳಗೆ ನಿಂತಾಗ ನೀರು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ವಾಶ್‌ಬೇಸಿನ್ನಿನಲ್ಲಿ ಇರುವುದು ತಣ್ಣೀರಿನ ನಲ್ಲಿ ಮಾತ್ರ, ಆದರೂ ಕೆಲವು ಸಲ ತಿರುಗಿಸಿದ ಕೂಡಲೇ ಉಗುರುಬೆಚ್ಚಗಿನ ನೀರು ಬರುತ್ತದೆ. ತಾರಸಿಯ ಪ್ರೆಶರ್ ಪಂಪ್ ನಡುರಾತ್ರಿ, ಯಾರೂ ನಲ್ಲಿ ಮುಟ್ಟದಿದ್ದರೂ, ಗುಂಯ್ ಅಂತ ಶುರುವಾಗಿ ನಿಲ್ಲುತ್ತದೆ. ಮೊದಲ ಎರಡನ್ನು ಅವರು ಗೀಸರಿನ ತಲೆಗೆ ಕಟ್ಟಿದ್ದರು, ಥರ್ಮೋಸ್ಟಾಟ್ ಕೆಟ್ಟಿದೆ ಅಂತ. ಮೂರನೆಯದಕ್ಕೆ ಪಂಪಿನ ಪ್ರೆಶರ್ ಸ್ವಿಚ್ಚನ್ನೇ ಬದಲಾಯಿಸಿ ಆಗಿತ್ತು. ಏನೂ ಪ್ರಯೋಜನವಾಗಿರಲಿಲ್ಲ.

ಹೊಸ ಗೀಸರ್ ತಂದರೆ ಇದೆಲ್ಲ ಸರಿಹೋಗುತ್ತದೆ ಅನ್ನೋದು ಅವರ ಲೆಕ್ಕ. ಆದರೆ ಈ ಮೂರೂ ದೂರುಗಳ ಬೇರು ಪೈಪಿನಲ್ಲಿತ್ತು, ಮತ್ತು ಅದನ್ನು ಹಾಗೇ ಬಿಟ್ಟು ಹೊಸ ಗೀಸರ್ ಸಿಕ್ಕಿಸಿದ್ದರೆ ಮೂರೂ ದೂರು ಅದರ ತಲೆಗೆ ಬರುತ್ತಿದ್ದವು.

ನೀರಿನ ದಾರಿ

ಮೊದಲು ಯಾವ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ಒಂದು ಹಾಳೆಯ ಮೇಲೆ ಗೀಚಿಕೊಂಡೆವು. ಗೋಡೆಯೊಳಗೆ ಹೂತ ಪೈಪಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಒಂದೊಂದು ವಾಲ್ವ್ ಮುಚ್ಚಿ ಯಾವ ನಲ್ಲಿ ನಿಲ್ಲುತ್ತದೆ ಅಂತ ನೋಡಬೇಕು, ಅಷ್ಟೇ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮುಂದಕ್ಕೆ ಹೋದರೆ ಉಳಿದದ್ದೆಲ್ಲ ಊಹೆ.

ಚಿತ್ರ ಹೀಗೆ ಬಂತು. ತಾರಸಿಯ ಟ್ಯಾಂಕಿನಿಂದ ಎರಡು ಲೈನು ಇಳಿಯುತ್ತವೆ. ಒಂದು ಮನೆ ಕಟ್ಟಿದಾಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಲೈನು: ವಾಶ್‌ಬೇಸಿನ್, ಗೀಸರಿನ ಒಳಹರಿವು, ಕೆಳಗಿನ ಬಚ್ಚಲು, ಅಡುಗೆಮನೆ ಎಲ್ಲಾ ಇದರ ಮೇಲೆ. ಇಲ್ಲಿ ನೀರು ತನ್ನ ಭಾರದಿಂದಲೇ ಇಳಿಯುತ್ತದೆ. ಇನ್ನೊಂದು ಆಮೇಲೆ ಹಾಕಿಸಿದ ಪಂಪಿನ ಲೈನು, ಅದು ಮೇಲಿನ ಶವರ್ ಮಿಕ್ಸರಿನ (ಬಿಸಿನೀರು, ತಣ್ಣೀರು ಎರಡನ್ನೂ ಬೆರೆಸುವ ನಲ್ಲಿಯ) ತಣ್ಣೀರಿನ ಬದಿಗೆ ಮಾತ್ರ. ಪಂಪ್ ಹಾಕಿದವರು ಗೀಸರನ್ನು ಬೇಕಂತಲೇ ಹಳೇ ಲೈನಿನಲ್ಲಿ ಬಿಟ್ಟಿದ್ದರಂತೆ, ಹಳೇ ಗೀಸರಿಗೆ ಪ್ರೆಶರ್ ತಡೆಯುತ್ತೋ ಇಲ್ಲವೋ ಅಂತ. ಆ ಯೋಚನೆ ತಪ್ಪೇನಲ್ಲ. ಆದರೆ ಅದರಿಂದ ಒಂದೇ ಮಿಕ್ಸರಿಗೆ ಎರಡು ಬೇರೆ ಬೇರೆ ಒತ್ತಡದ ನೀರು ಬಂದು ಸೇರಿತು.

ಎಷ್ಟು ಬೇರೆ? ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಇಲ್ಲಿ ಟ್ಯಾಂಕಿನ ನೀರು ಗೀಸರಿಗಿಂತ ಮೂರು ಮೀಟರ್ ಮೇಲಿತ್ತು, ಅಂದರೆ 0.3 ಬಾರ್. ಪಂಪ್ ನಿಲ್ಲುವುದು 2 ಬಾರಿನಲ್ಲಿ. ಬಕೆಟ್ ಇಟ್ಟು ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ಪಂಪಿನ ಲೈನಿನಲ್ಲಿ 10 ಲೀಟರ್ ತುಂಬಲು 50 ಸೆಕೆಂಡ್, ಗೀಸರಿನ ಒಳಹರಿವಿನ ಪೈಪ್ ಬಿಚ್ಚಿ ಹಿಡಿದರೆ ಹತ್ತಿರ ಹತ್ತಿರ 3 ನಿಮಿಷ. ಬಕೆಟ್ಟಿನ ಈ ಪರೀಕ್ಷೆಯನ್ನು ಗೀಸರ್ ಕೊಳ್ಳುವ ಮೊದಲೇ ಎಲ್ಲರೂ ಮಾಡಬೇಕು ಅಂತ ನನ್ನ ಅಭಿಪ್ರಾಯ. ಮೀಟರ್ ಬೇಡ, ಪ್ಲಂಬರ್ ಬೇಡ, ಫೋನಿನ ಗಡಿಯಾರ ಸಾಕು.

ಈಗ ಮೊದಲನೇ ದೂರು ತಾನಾಗಿ ಬಿಡಿಸಿಕೊಂಡಿತು. ಶವರ್ ತೆರೆದ ಮೊದಲ ಕ್ಷಣ ಪಂಪ್ ಇನ್ನೂ ಶುರುವಾಗಿರುವುದಿಲ್ಲ, ಎರಡೂ ಕಡೆಯ ನೀರು ಹೆಚ್ಚುಕಡಿಮೆ ಸಮವಾಗಿ ಬರುತ್ತದೆ. ಪಂಪ್ ಶುರುವಾದ ತಕ್ಷಣ 2 ಬಾರಿನ ತಣ್ಣೀರು 0.3 ಬಾರಿನ ಬಿಸಿನೀರನ್ನು ಹಿಂದಕ್ಕೆ ದಬ್ಬುತ್ತದೆ. ಥರ್ಮೋಸ್ಟಾಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಉಳಿದ ಎರಡಕ್ಕೆ ಕೀಲಿ ಸಿಕ್ಕಿದ್ದು ಹ್ಯಾಂಡ್ ಶವರಿನಲ್ಲಿ. ಅದರ ತಲೆಯಲ್ಲೇ ನೀರು ನಿಲ್ಲಿಸುವ ಬಟನ್ ಇತ್ತು. ಮನೆಯವರು ಸ್ನಾನ ಮುಗಿಸಿ ಆ ಬಟನ್ ಒತ್ತಿ ಹೋಗುತ್ತಿದ್ದರು, ಮಿಕ್ಸರಿನ ಹಿಡಿ ಮಧ್ಯದಲ್ಲಿ ತೆರೆದೇ ಇರುತ್ತಿತ್ತು. ಆಗ ಮಿಕ್ಸರಿನ ಒಳಗೆ ತಣ್ಣೀರಿನ ಬದಿಗೂ ಬಿಸಿನೀರಿನ ಬದಿಗೂ ಸೇತುವೆ ಕಟ್ಟಿದಂತೆ. ಪಂಪಿನ ನೀರು ಬಿಸಿನೀರಿನ ಪೈಪಿಗೆ ಹಿಂದಿನಿಂದ ನುಗ್ಗಿ, ಗೀಸರಿನೊಳಗೆ ಇಳಿದು, ಒಳಹರಿವಿನ ಪೈಪಿನಿಂದ ಹೊರಬಿದ್ದು, ಹಳೇ ಜಿಐ ಲೈನು ಹಿಡಿದು ವಾಪಸ್ ಟ್ಯಾಂಕಿಗೆ ಏರುತ್ತಿತ್ತು. ದಾರಿಯಲ್ಲಿ ವಾಶ್‌ಬೇಸಿನ್ ಸಿಗುತ್ತದೆ, ಅದಕ್ಕೇ ಅಲ್ಲಿ ಬೆಚ್ಚಗಿನ ನೀರು. ಲೈನಿನ ಒತ್ತಡ ಇಳಿದಾಗಲೆಲ್ಲ ಪಂಪ್ ಏಳುತ್ತದೆ, ಅದಕ್ಕೇ ನಡುರಾತ್ರಿಯ ಗುಂಯ್. ಟ್ಯಾಂಕಿನ ನೀರನ್ನು ಎತ್ತಿ ಟ್ಯಾಂಕಿಗೇ ಸುರಿಯುವ ಈ ಕೆಲಸಕ್ಕೆ ಕರೆಂಟ್ ಬಿಲ್ ಬೇರೆ.

ಇದು ಊಹೆ ಅಂತ ಯಾರಾದರೂ ಹೇಳಬಹುದು. ಖಚಿತ ಮಾಡಿಕೊಳ್ಳುವುದು ಸುಲಭ: ಮಿಕ್ಸರನ್ನು ಹಾಗೇ ತೆರೆದಿಟ್ಟು ಗೀಸರಿನ ಒಳಹರಿವಿನ ಆಂಗಲ್ ಕಾಕ್ ಮುಚ್ಚಿದೆವು, ಪಂಪ್ ಸುಮ್ಮನಾಯಿತು. ತೆರೆದೆವು, ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು.

ಆದರೆ ಒಂದು ಪ್ರಶ್ನೆ ಉಳಿಯಿತು. ಗೀಸರಿನ ಒಳಹರಿವಿನಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ, ಅದರೊಳಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಎನ್‌ಆರ್‌ವಿಯೂ ಇರುತ್ತದೆ. ಅದು ಕೆಲಸ ಮಾಡುತ್ತಿದ್ದರೆ ಹೀಗೆ ಆಗಬಾರದಿತ್ತು. ವಾಲ್ವ್ ಬಿಚ್ಚಿ ನೋಡಿದರೆ ಎನ್‌ಆರ್‌ವಿ ತುಕ್ಕಿನ ಚೂರು ಸಿಕ್ಕಿಕೊಂಡು ಬಾಯಿಬಿಟ್ಟೇ ನಿಂತಿತ್ತು. ಅದಕ್ಕಿಂತ ಗಾಬರಿಯ ಸಂಗತಿ ಪಕ್ಕದಲ್ಲೇ ಇತ್ತು. ವಾಲ್ವಿನಿಂದ ಹೆಚ್ಚುವರಿ ನೀರು ಹೊರಹೋಗುವ ಬಾಯಿಗೆ ಯಾರೋ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿದ್ದರು. "ತೊಟ್ಟಿಕ್ತಿತ್ತು, ಅದಕ್ಕೆ ಮುಚ್ಚಿಸಿದ್ವಿ" ಅಂದರು ಮನೆಯ ಯಜಮಾನರು, ಏನೂ ಆಗಿಲ್ಲವೆಂಬಂತೆ.

ನಿಜಕ್ಕೂ ಏನೂ ಆಗಿರಲಿಲ್ಲ, ಅದಕ್ಕೆ ಕಾರಣ ಅದೃಷ್ಟ. ನೀರು ಬಿಸಿಯಾದರೆ ಹಿಗ್ಗುತ್ತದೆ. 20 ಡಿಗ್ರಿಯಿಂದ 60 ಡಿಗ್ರಿಗೆ ಹೋದರೆ ಸುಮಾರು ಶೇ. 1.5ರಷ್ಟು. 15 ಲೀಟರಿಗೆ ಅದು 220 ಮಿಲಿಲೀಟರ್ ಚಿಲ್ಲರೆ. ಹೊರಹೋಗುವ ಬಾಯಿ ಮುಚ್ಚಿದೆ, ಆದರೆ ಎನ್‌ಆರ್‌ವಿ ಕೆಟ್ಟಿದ್ದರಿಂದ ಹಿಗ್ಗಿದ ನೀರು ಹಳೇ ಲೈನಿನಲ್ಲಿ ಹಿಂದಕ್ಕೆ ಸರಿದು ಟ್ಯಾಂಕಿನ ಕಡೆ ಹೋಗುತ್ತಿತ್ತು. ಒಂದು ದೋಷ ಇನ್ನೊಂದು ದೋಷವನ್ನು ಕಾಯುತ್ತಿತ್ತು. ಇವೆರಡರಲ್ಲಿ ಎನ್‌ಆರ್‌ವಿಯನ್ನು ಮಾತ್ರ ಯಾರಾದರೂ ರಿಪೇರಿ ಮಾಡಿದ್ದರೆ ಗೀಸರ್ ಎಲ್ಲಾ ಕಡೆ ಮುಚ್ಚಿದ ಪಾತ್ರೆಯಾಗುತ್ತಿತ್ತು. ನೀರನ್ನು ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲವಾದ್ದರಿಂದ ಒಳಗಿನ ಒತ್ತಡ ಬಹಳ ಬೇಗ ಏರುತ್ತದೆ.

ತೀರ್ಮಾನಗಳು

ಮುಖ್ಯ ತೀರ್ಮಾನ ಒಂದೇ: ಶವರಿನ ತಣ್ಣೀರೂ ಗೀಸರಿನ ಒಳಹರಿವೂ ಒಂದೇ ಲೈನಿನಿಂದ, ಒಂದೇ ಒತ್ತಡದಲ್ಲಿ ಬರಬೇಕು. ಹೊಸ ಗೀಸರಿನ ಮೇಲೆ ಅದು ತಡೆಯುವ ಒತ್ತಡ 8 ಬಾರ್ ಅಂತ ಬರೆದಿತ್ತು. ಪಂಪಿನ 2 ಬಾರ್ ಅದಕ್ಕೆ ಏನೇನೂ ಅಲ್ಲ. ಲೈನಿನ ಒತ್ತಡವೇ ಸೇಫ್ಟಿ ವಾಲ್ವ್ ತೆರೆಯುವ ಒತ್ತಡದ ಮುಕ್ಕಾಲು ಭಾಗ ದಾಟುವಂಥ ಮನೆಗಳಿದ್ದರೆ ಒತ್ತಡ ಇಳಿಸುವ ವಾಲ್ವ್ ಬೇಕಾಗುತ್ತದೆ, ಇಲ್ಲಿ ಆ ಮಾತೇ ಬರಲಿಲ್ಲ.

ಗೀಸರನ್ನು ಪಂಪಿನ ಲೈನಿಗೆ ತಂದ ಮೇಲೆ ಎರಡು ಹೊಸ ತಲೆನೋವು ಹುಟ್ಟುತ್ತವೆ, ಅವನ್ನು ಕಾಗದದ ಮೇಲೇ ಬಗೆಹರಿಸಬೇಕಿತ್ತು. ಪಂಪ್ ಕೆಟ್ಟರೆ ಸ್ನಾನಕ್ಕೆ ನೀರೇ ಇಲ್ಲ ಅನ್ನೋದು ಒಂದು. ಅದಕ್ಕೆ ಪಂಪಿನ ಪಕ್ಕದಲ್ಲಿ ಬೈಪಾಸ್ ಪೈಪ್ ಕೊಟ್ಟು ಅದರಲ್ಲಿ ಎನ್‌ಆರ್‌ವಿ ಹಾಕಿದೆವು. ಎನ್‌ಆರ್‌ವಿ ಇಲ್ಲದ ಬೈಪಾಸ್ ಹಾಕಿದರೆ ಪಂಪ್ ತನ್ನ ನೀರನ್ನು ತಾನೇ ಸುತ್ತಿಸುತ್ತಾ ಕೂರುತ್ತದೆ. ಇನ್ನೊಂದು ತಲೆನೋವು ಕೆಳಗಿನ ಬಚ್ಚಲಿನದು. ಅಲ್ಲಿ ಈಗ ಬಿಸಿನೀರು ಪಂಪಿನ ಒತ್ತಡದಲ್ಲಿ, ತಣ್ಣೀರು ಹಳೇ ಲೈನಿನಲ್ಲಿ. ಅಂದರೆ ಮೇಲಿದ್ದ ರೋಗ ತಿರುವುಮುರುವಾಗಿ ಕೆಳಗೆ ಬರುತ್ತದೆ. ಸದ್ಯಕ್ಕೆ ಅಲ್ಲಿ ಬಿಸಿಗೂ ತಣ್ಣಗೂ ಬೇರೆ ಬೇರೆ ನಲ್ಲಿ ಇರುವುದರಿಂದ ನೀರು ಬಕೆಟ್ಟಿನಲ್ಲಿ ಮಾತ್ರ ಸೇರುತ್ತದೆ, ತೊಂದರೆಯಿಲ್ಲ. ಆದರೆ ಮುಂದೆ ಅಲ್ಲೂ ಮಿಕ್ಸರ್ ಹಾಕಿಸುವ ಆಸೆ ಮನೆಯವರಿಗಿತ್ತು. ಗೋಡೆ ಹೇಗೂ ಕೊರೆಯುತ್ತಿದ್ದೇವೆ, ಬಿಸಿನೀರಿನ ಪೈಪಿನ ಜೊತೆಗೇ ಪಂಪಿನ ಲೈನಿನ ತಣ್ಣೀರಿನ ಪೈಪೂ ಇಳಿಸಿ ಡಮ್ಮಿ ಹಾಕಿಡೋಣ ಅಂದೆ. ಕೊನೆಗೆ ಟೈಲ್ಸ್ ಒಡೆಯುವುದು ಎರಡು ಸಲ ಬೇಡ ಅನ್ನೋ ಮಾತಿಗೆ ಒಪ್ಪಿದರು.

ಜಾಗದ ವಿಷಯ ಬೇಗ ಮುಗಿಯಿತು. ಹಳೇ ಗೀಸರ್ ತೂಗುತ್ತಿದ್ದುದು ಟೊಳ್ಳು ಬ್ಲಾಕಿನ ಅಡ್ಡಗೋಡೆಯ ಮೇಲೆ. ಹೊಸದಕ್ಕೆ ನೀರೇ 25 ಕೆಜಿ, ಗೀಸರಿನ ತೂಕ ಬೇರೆ. ಮಾಮೂಲಿ ಆಂಕರ್ ಬೋಲ್ಟ್ ಟೊಳ್ಳು ಬ್ಲಾಕಿನಲ್ಲಿ ಹಿಡಿಯುವುದಿಲ್ಲ. ಪಕ್ಕದ ಗಟ್ಟಿ ಇಟ್ಟಿಗೆ ಗೋಡೆಗೆ ಸರಿಸಿದೆವು. ಇದನ್ನು ಪೈಪಿಗಿಂತ ಮೊದಲೇ ನಿರ್ಧರಿಸಬೇಕು, ಯಾಕೆಂದರೆ ಪಾಯಿಂಟ್ ಎಲ್ಲಿ ಬರಬೇಕು ಅಂತ ಹೇಳುವುದು ಗೋಡೆ.

ಇನ್ನು ಪೈಪು. ಜಿಐ ಪೈಪಿನ ತುಂಡೊಂದನ್ನು ಬಿಚ್ಚಿದಾಗ ಒಳಗೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಮಾತ್ರ ಉಳಿದಿತ್ತು, ಮಿಕ್ಕಿದ್ದೆಲ್ಲ ತುಕ್ಕು. ಬಕೆಟ್ ತುಂಬಲು 3 ನಿಮಿಷ ಯಾಕೆ ಅಂತ ಬೇರೆ ವಿವರಣೆ ಬೇಕಾಗಲಿಲ್ಲ. ಬಿಸಿನೀರಿನ ಲೈನಿನಲ್ಲಿ ಇನ್ನೊಂದು ಕಥೆ. ಹಿಂದೆ ಯಾವಾಗಲೋ ಸೋರಿದಾಗ ಮಧ್ಯದ ಒಂದು ಭಾಗಕ್ಕೆ ಬಿಳೀ ಯುಪಿವಿಸಿ ಪೈಪ್ ಹಾಕಿ ತೇಪೆ ಹಚ್ಚಿದ್ದರು. ಯುಪಿವಿಸಿ ತಣ್ಣೀರಿನ ಪೈಪು. 60 ಡಿಗ್ರಿ ಅದರ ಕೊನೇ ಮಿತಿ, ಅದಕ್ಕೆ ಮೊದಲೇ ಅದರ ಬಲ ಕುಗ್ಗಿರುತ್ತದೆ. 0.3 ಬಾರಿನಲ್ಲಿ ಹೇಗೋ ಬದುಕಿತ್ತು, 2 ಬಾರ್ ಬಂದ ಮೇಲೆ ಗೋಡೆಯೊಳಗೆ ಒಡೆಯಬಹುದಿತ್ತು. ಎಲ್ಲಾ ಕಿತ್ತು ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್, ಹಾಕಿದೆವು. ಎಸ್‌ಡಿಆರ್ 11 (ಪೈಪಿನ ಗೋಡೆ ಎಷ್ಟು ದಪ್ಪ ಅಂತ ಹೇಳುವ ಅಂಕಿ) ದರ್ಜೆಯ ಸಿಪಿವಿಸಿ 82 ಡಿಗ್ರಿಯಲ್ಲೂ ಹತ್ತಿರ ಹತ್ತಿರ 7 ಬಾರ್ ತಡೆಯುತ್ತದೆ.

ಅಳತೆಯ ಬಗ್ಗೆ ಮನೆಯವರಿಗೂ ನನಗೂ ಸ್ವಲ್ಪ ವಾದವಾಯಿತು. ದಪ್ಪ ಪೈಪ್ ಹಾಕಿದರೆ ಒಳ್ಳೇದಲ್ವಾ ಅಂತ ಅವರು. ತಣ್ಣೀರು ಗೀಸರಿಗೆ ಬರುವವರೆಗೆ ಹೌದು, ಅಲ್ಲಿ ಮುಕ್ಕಾಲು ಇಂಚು. ಆದರೆ ಕೆಳಗಿನ ಬಚ್ಚಲಿಗೆ ಹೋಗುವ 7 ಮೀಟರ್ ಬಿಸಿನೀರಿನ ಪೈಪಿನಲ್ಲಿ ದಪ್ಪ ಮಾಡಿದರೆ ನಷ್ಟ. ಅರ್ಧ ಇಂಚಿನ ಸಿಪಿವಿಸಿಯಲ್ಲಿ ಮೀಟರಿಗೆ 0.12 ಲೀಟರ್ ನೀರು ನಿಲ್ಲುತ್ತದೆ, ಮುಕ್ಕಾಲು ಇಂಚಿನಲ್ಲಿ 0.25 ಲೀಟರ್. ಅಂದರೆ ಪ್ರತಿ ಸಲ ನಲ್ಲಿ ತೆರೆದಾಗ ಬಿಸಿ ಬರುವ ಮೊದಲು ಸುರಿಯುವ ತಣ್ಣೀರು ಒಂದರಲ್ಲಿ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ, ಇನ್ನೊಂದರಲ್ಲಿ ಹತ್ತಿರ ಹತ್ತಿರ ಎರಡು ಲೀಟರ್. ಆಮೇಲೆ ನಲ್ಲಿ ನಿಲ್ಲಿಸಿದಾಗ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಿಹೋಗುತ್ತದೆ. ಅರ್ಧ ಇಂಚೇ ಹಾಕಿದೆವು, ಅದರ ಮೇಲೆ ಇನ್ಸುಲೇಶನ್ ಕೊಳವೆ ತೊಡಿಸಿದೆವು.

ಇನ್ಸುಲೇಶನ್ನಿನಿಂದ ಇನ್ನೊಂದು ಲಾಭವಿದೆ. ಸಿಪಿವಿಸಿ ಬಿಸಿಗೆ ಉದ್ದವಾಗುತ್ತದೆ. 7 ಮೀಟರ್ ಪೈಪ್ 40 ಡಿಗ್ರಿ ಏರಿದರೆ 17 ಮಿಲಿಮೀಟರಿನಷ್ಟು. ಸಿಮೆಂಟಿನಲ್ಲಿ ಬಿಗಿಯಾಗಿ ಹೂತರೆ ಆ ಉದ್ದ ಹೋಗಲು ಜಾಗವಿಲ್ಲದೆ ಜಾಯಿಂಟಿನ ಮೇಲೆ ಭಾರ ಬೀಳುತ್ತದೆ. ಮೆತ್ತನೆ ಕೊಳವೆ ಸುತ್ತಿದ್ದರೆ, ಮಧ್ಯೆ ಎರಡು ಎಲ್ಬೋ ತಿರುವು ಇದ್ದರೆ, ಪೈಪಿಗೆ ಸರಿದಾಡಲು ಎಡೆ ಸಿಗುತ್ತದೆ.

ಗೀಸರಿನ ಪಾಯಿಂಟುಗಳು ಹಿತ್ತಾಳೆ ಥ್ರೆಡ್ ಇರುವ ಎಲ್ಬೋದಲ್ಲಿ ಮುಗಿಯಬೇಕು ಅಂತ ಪ್ಲಂಬರ್ ತಾವಾಗಿಯೇ ಹೇಳಿದರು, ಅದು ಸರಿ ಕೂಡ. ಪ್ಲಾಸ್ಟಿಕ್ ಥ್ರೆಡ್ಡಿಗೆ ಲೋಹದ ನಟ್ ಬಿಗಿದರೆ ಇವತ್ತಲ್ಲ ನಾಳೆ ಸೀಳುತ್ತದೆ. ಸೀಲ್ ಮಾಡಲು ಟೆಫ್ಲಾನ್ ಟೇಪ್ ಮಾತ್ರ. ಎಣ್ಣೆ ಅಂಶದ ಪೇಸ್ಟ್ ಕೆಲವಂತೂ ಸಿಪಿವಿಸಿಯನ್ನು ಸಣ್ಣಗೆ ಬಿರುಕು ಬಿಡಿಸುತ್ತವೆ. ತಣ್ಣೀರಿನ ಬದಿಯ ಕ್ರಮ ಹೀಗೆ: ಗೋಡೆಯ ಪಾಯಿಂಟ್, ಬಾಲ್ ವಾಲ್ವ್, ಕನೆಕ್ಷನ್ ಪೈಪ್, ಸೇಫ್ಟಿ ವಾಲ್ವ್, ಗೀಸರ್. ಸೇಫ್ಟಿ ವಾಲ್ವಿಗೂ ಗೀಸರಿಗೂ ಮಧ್ಯೆ ಮುಚ್ಚುವಂಥದ್ದು ಏನೂ ಬರಕೂಡದು. ಹಿಗ್ಗಿದ ನೀರು ಹೊರಬರುವ ದಾರಿಗೆ ಯಾರೋ ಒಂದು ದಿನ ತಿಳಿಯದೆ ಬಾಗಿಲು ಹಾಕಿಬಿಡಬಹುದು, ಅದಕ್ಕೆ. ವಾಲ್ವಿನ ಹನಿ ನೀರಿಗೆ ಸಣ್ಣ ಪೈಪ್ ಸಿಕ್ಕಿಸಿ, ಉದ್ದಕ್ಕೂ ಇಳಿಜಾರು ಕೊಟ್ಟು, ನೆಲದ ಮೋರಿಯ ಮೇಲೆ ತುದಿ ಕಣ್ಣಿಗೆ ಕಾಣುವಂತೆ ಬಿಟ್ಟೆವು. ಕಾಣುವಂತೆ ಅನ್ನೋದು ಮುಖ್ಯ. ಗೋಡೆಯೊಳಗೆ ಸೇರಿಸಿಬಿಟ್ಟರೆ ಹನಿಯುತ್ತಿದೆಯೋ ಸುರಿಯುತ್ತಿದೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಎಲೆಕ್ಟ್ರಿಕಲ್ ಕೆಲಸ ಬೇರೆಯವರದು, ಆದರೆ ಒಂದು ವಿಷಯವನ್ನು ಪ್ಲಂಬಿಂಗ್ ಕಡೆಯವರೇ ಎತ್ತಬೇಕು. ಹಳೇ ಮನೆಗಳಲ್ಲಿ ಲೋಹದ ಪೈಪ್ ಸುಮ್ನೆ ಹಾಗೇ ಒಂದಷ್ಟು ಅರ್ತಿಂಗ್ ಕೆಲಸ ಮಾಡುತ್ತಿರುತ್ತದೆ. ಅದನ್ನು ಕಿತ್ತು ಪ್ಲಾಸ್ಟಿಕ್ ಹಾಕಿದ ದಿನ ಆ ದಾರಿ ತುಂಡಾಗುತ್ತದೆ, ಆಮೇಲೆ ಕಾಪಾಡುವುದು ಸಾಕೆಟ್ಟಿನ ಅರ್ತ್ ವೈರ್ ಒಂದೇ. ಇಲ್ಲಿ ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿದಾಗ ಅರ್ತ್ ವೈರ್ ಟರ್ಮಿನಲ್ಲಿನಿಂದ ಜಾರಿ ಹೊರಗೆ ನೇತಾಡುತ್ತಿತ್ತು. ಅದನ್ನು ಸರಿಮಾಡಿ, ಭೂಮಿಯವರೆಗೂ ಸರಿಯಾಗಿದೆಯಾ ಅಂತ ಅಳೆದು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಹಾಕಿದರು. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 9 ಆಂಪಿಯರಿನ ಹತ್ತಿರ ಎಳೆಯುತ್ತದೆ, 16 ಆಂಪಿಯರ್ ಸಾಕೆಟ್ ಇದ್ದದ್ದೇ ಸಾಕಾಯಿತು.

ಗೀಸರ್ ತೂಗುಹಾಕುವ ಮುಂಚೆ

ಜಾಯಿಂಟಿನ ಸಲ್ಯೂಷನ್ ಗಟ್ಟಿಯಾಗಲು ರಾತ್ರಿಯಿಡೀ ಬಿಟ್ಟು, ತುದಿಗಳಿಗೆ ಡಮ್ಮಿ ಹಾಕಿ, ಕೈಪಂಪಿನಿಂದ 6 ಬಾರ್ ಕೊಟ್ಟು ನಿಲ್ಲಿಸಿದೆವು. ಕೆಲಸದ ಒತ್ತಡದ ಒಂದೂವರೆ ಪಟ್ಟು ಸಾಕು ಅನ್ನುತ್ತಾರೆ. ಆದರೆ ಮುಂದೆ ಯಾರಾದರೂ ದೊಡ್ಡ ಪಂಪ್ ತಂದು ಹಾಕಿದರೆ? ಗೋಡೆ ಮುಚ್ಚುವ ಮೊದಲು ಜಾಸ್ತಿ ನೋಡಿಬಿಡುವುದು ವಾಸಿ. ಒತ್ತಡದ ಗೇಜಿನ ಮುಳ್ಳು ನಿಧಾನಕ್ಕೆ ಇಳಿಯಿತು. ಹುಡುಕಿದರೆ ಕೆಳಗಿನ ಬಚ್ಚಲಿನ ಹಿತ್ತಾಳೆ ಎಲ್ಬೋದ ಹತ್ತಿರ ಬೆವರಿದಂತೆ ತೇವ. ಬಿಚ್ಚಿ ಟೇಪ್ ಹೊಸದಾಗಿ ಸುತ್ತಿದ ಮೇಲೆ ಮುಳ್ಳು ಅಲ್ಲಾಡಲಿಲ್ಲ. ಆಮೇಲೆಯೇ ಗೋಡೆಗೆ ಗಾರೆ.

ಪೈಪ್ ತೊಳೆಯುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗೀಸರ್ ಸಿಕ್ಕಿಸದೆ, ತಣ್ಣೀರಿನ ಪಾಯಿಂಟಿಗೆ ಒಂದು ಕೊಳವೆ ಹಿಡಿದು ಬಕೆಟ್ಟಿಗೆ ಪೂರ್ತಿ ರಭಸದಲ್ಲಿ ನೀರು ಬಿಟ್ಟರೆ ಸಿಪಿವಿಸಿ ಕೊಯ್ದ ಪುಡಿ, ಮರಳು, ಟ್ಯಾಂಕಿನ ತಳದ ಕೆಸರು ಎಲ್ಲಾ ಬಂತು. ಇದೇ ಕಸ ಹೊಸ ಸೇಫ್ಟಿ ವಾಲ್ವಿನ ಎನ್‌ಆರ್‌ವಿಯಲ್ಲಿ ಕೂತಿದ್ದರೆ ಹಳೆಯದಕ್ಕಾದ ಗತಿಯೇ ಇದಕ್ಕೂ. ನೀರು ತಿಳಿಯಾಗುವವರೆಗೆ ಬಿಟ್ಟು, ಬಕೆಟ್ ಪರೀಕ್ಷೆ ಮತ್ತೆ ಮಾಡಿದೆವು. ಗೀಸರಿನ ಪಾಯಿಂಟಿನಲ್ಲಿ 10 ಲೀಟರಿಗೆ ಈಗ 48 ಸೆಕೆಂಡ್, ಶವರಿನ ತಣ್ಣೀರಿನ ಬದಿಗೆ ಸರಿಸಮ.

ಗೀಸರ್ ಹಾಕಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ನಿಧಾನಕ್ಕೆ ಬಾಲ್ ವಾಲ್ವ್ ಬಿಟ್ಟೆವು. ಗಾಳಿ ಬುಸುಬುಸು ಅಂದು ನಿಂತು ನೀರು ಒಂದೇ ಸಮನೆ ಬಂದ ಮೇಲೆ ಸ್ವಿಚ್. ಖಾಲಿ ಗೀಸರಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. 25 ಲೀಟರ್ ನೀರು 40 ಡಿಗ್ರಿ ಏರಲು 2000 ವ್ಯಾಟಿನಲ್ಲಿ 35 ನಿಮಿಷ ಬೇಕು. ಅದಕ್ಕೆ ಮೊದಲೇ ಯಜಮಾನರು ನಮ್ಮನ್ನು ಕೂಗಿದರು.

"ನೋಡಿ ಸಾರ್, ಹೊಸದೂ ತೊಟ್ಟಿಕ್ತಿದೆ! ಇದನ್ನೂ ಮುಚ್ಚಿಸಿಬಿಡೋಣ್ವಾ?"

"ಬೇಡ ಸಾರ್. ಅದು ತೊಟ್ಟಿಕ್ಕಲೇಬೇಕು" ಅಂದರು ಪ್ಲಂಬರ್.

ಮಾತಿಗಿಂತ ಅಳತೆ ಮೇಲು ಅಂತ ಪೈಪಿನ ತುದಿಗೆ ಒಂದು ಲೋಟ ಇಟ್ಟೆವು. ಲೆಕ್ಕದ ಪ್ರಕಾರ 25 ಲೀಟರಿಗೆ 370 ಮಿಲಿಲೀಟರ್ ಬರಬೇಕು. ಬಂದದ್ದು 300ರ ಆಸುಪಾಸು, ಕಾಯಿಲಿನ ಕೆಳಗಿನ ನೀರು ಪೂರ್ತಿ ಬಿಸಿಯಾಗುವುದಿಲ್ಲವಲ್ಲ. ಥರ್ಮೋಸ್ಟಾಟ್ ಆಫ್ ಆದ ಕೂಡಲೇ ಹನಿಯೂ ನಿಂತಿತು. ಇದನ್ನೇ ಗುರುತಾಗಿ ಇಟ್ಟುಕೊಳ್ಳಿ ಅಂದೆ: ಕಾಯುವಾಗ ಹನಿದರೆ ಸರಿ, ಗೀಸರ್ ಆಫ್ ಇದ್ದಾಗಲೂ ಹನಿಯುತ್ತಲೇ ಇದ್ದರೆ ವಾಲ್ವಿನಲ್ಲಿ ಕಸ ಕೂತಿದೆ ಅಥವಾ ಲೈನಿನ ಒತ್ತಡ ಜಾಸ್ತಿಯಾಗಿದೆ, ಬಿಸಿ ಮಾಡುವಾಗ ಒಂದು ಹನಿಯೂ ಬರದಿದ್ದರೆ ಎನ್‌ಆರ್‌ವಿ ಮತ್ತೆ ಕೆಟ್ಟಿರಬಹುದು, ಕರೆಸಿ. ತಿಂಗಳಿಗೊಮ್ಮೆ ವಾಲ್ವಿನ ಸಣ್ಣ ಹಿಡಿಯನ್ನು ಎತ್ತಿ ಬಿಡಬೇಕು, ಇಲ್ಲದಿದ್ದರೆ ಸುಣ್ಣ ಕಟ್ಟಿ ಅಂಟಿಕೊಳ್ಳುತ್ತದೆ. ಹ್ಯಾಂಡ್ ಶವರಿನ ಬಟನ್ ಬಳಸಿ, ಬೇಡ ಅನ್ನೋದಿಲ್ಲ, ಆದರೆ ಸ್ನಾನ ಮುಗಿದ ಮೇಲೆ ಮಿಕ್ಸರನ್ನೂ ಮುಚ್ಚಿ.

ಉಷ್ಣತೆ ಎಷ್ಟಕ್ಕೆ ಇಡಬೇಕು ಅಂತ ಕೇಳಿದರು. 60 ಅಂದೆ. ಬೋರಿನ ಗಡಸು ನೀರು, ಅದಕ್ಕಿಂತ ಮೇಲೆ ಹೋದರೆ ಕಾಯಿಲಿನ ಮೇಲೆ ಸುಣ್ಣ ಬೇಗ ಕೂರುತ್ತದೆ. ತೀರಾ ಕಡಿಮೆ ಇಟ್ಟು, 20ರಿಂದ 45 ಡಿಗ್ರಿ ಮಧ್ಯೆ ನೀರು ನಿಂತೇ ಇದ್ದರೆ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಕೆಳಗಿನ ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿ ಬೇರೆಯೇ ಇರುವುದರಿಂದ ಮಕ್ಕಳಿಗೆ ಅಲ್ಲಿ ಮೊದಲು ತಣ್ಣೀರು ಹಿಡಿದು ಆಮೇಲೆ ಬಿಸಿ ಸೇರಿಸಲು ಹೇಳಿಕೊಡಿ, ಮಿಕ್ಸರ್ ಹಾಕಿಸುವುದನ್ನು ಜಾಸ್ತಿ ದಿನ ಮುಂದೂಡಬೇಡಿ ಅಂದೆ.

ಅಡುಗೆಮನೆಯ ಜಿಐ ಲೈನನ್ನು ಈ ಸಲ ಮುಟ್ಟಲಿಲ್ಲ. ಅಲ್ಲಿ ಬಿಸಿನೀರಿಲ್ಲ, ಮಿಕ್ಸರಿಲ್ಲ, ಒತ್ತಡ ಕಡಿಮೆ ಅನ್ನೋ ದೂರು ಬಿಟ್ಟರೆ ಗೀಸರಿಗೂ ಅದಕ್ಕೂ ಸಂಬಂಧವಿಲ್ಲ. ಹೊಸ ಲೈನು ಹಳೆಯದಕ್ಕೆ ಎಲ್ಲೂ ಸೇರುವುದಿಲ್ಲ ಅಂತ ಪ್ರತಿ ವಾಲ್ವ್ ಮುಚ್ಚಿ ಮತ್ತೊಮ್ಮೆ ನೋಡಿಕೊಂಡು, ಮೊದಲು ಗೀಚಿದ ಹಾಳೆಯನ್ನು ತಿದ್ದಿ ಮೀಟರ್ ಬೋರ್ಡಿನ ಬಾಗಿಲಿನ ಒಳಗೆ ಅಂಟಿಸಿ ಬಂದೆವು.